‘ನೋಡಿ ಕಲಿ’ ಎಂದರೆ ಕಲಿಸಿದಂತಾಗಲಿಲ್ಲ: ಕರಾವಳಿಯ ಹೋಟೆಲ್ ಕೆಲಸ ಮತ್ತು ಮಳೆಗಾಲದ ಪಾಠ

(ಹೋಟೆಲ್, ಲಾಡ್ಜ್, ಹೋಂಸ್ಟೇ ನಡೆಸುವವರು ಹಾಗೂ ಅಲ್ಲಿ ಕೆಲಸ ಮಾಡುವವರ ಎದುರು ಕಾರವಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾಜಾಳಿಯಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ಹೋಟೆಲ್ ಕೆಲಸಕ್ಕೂ ಗದ್ದೆ ಕೆಲಸದ ಹಾಗೆ ಒಂದು ಹಂಗಾಮಿದೆ. ದಸರಾ ರಜೆಗೆ ಶುರುವಾಗುತ್ತದೆ, ಡಿಸೆಂಬರ್ ಕೊನೆಯ ವಾರ ಕಾಲಿಡಲು ಜಾಗವಿರುವುದಿಲ್ಲ, ಶಿವರಾತ್ರಿಗೆ ಗೋಕರ್ಣ, ಮುರ್ಡೇಶ್ವರದಲ್ಲಿ ಇನ್ನೊಮ್ಮೆ ಏರುತ್ತದೆ, ಮೇ ರಜೆ ಮುಗಿದ ಕೂಡಲೇ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನೂ ಕಡಿಮೆ, ಜನರೂ ಕಡಿಮೆ. ಆಗ ಹುಡುಗರನ್ನು ಊರಿಗೆ ಕಳಿಸುತ್ತೇವೆ. ಸೆಪ್ಟೆಂಬರ್ ಕೊನೆಗೆ ಫೋನ್ ಮಾಡಿದರೆ ಎಷ್ಟೋ ಜನ ಬರುವುದಿಲ್ಲ. ಹೊಸಬರು ಬರುತ್ತಾರೆ. ಅವರಿಗೆ ಮೊದಲ ದಿನ ಸಿಗುವ ಪಾಠ ಒಂದೇ ಸಾಲಿನದು: ‘ತಮಾ, ಅವನ ಸಂಗಡ ಇರು, ನೋಡಿ ಕಲಿ.’

ಇವತ್ತಿನ ಮಾತೆಲ್ಲ ಈ ಸಾಲಿನ ಬಗ್ಗೆ. ನೋಡಿ ಕಲಿಯುವುದು ತಪ್ಪಲ್ಲ. ಆದರೆ ನೋಡಿದಾಗ ಕಣ್ಣಿಗೆ ಬೀಳುವುದು ಕೈಯ ಚಲನೆ ಮಾತ್ರ. ಎಷ್ಟು, ಯಾವುದರ ನಂತರ ಯಾವುದು, ಯಾಕೆ ಎನ್ನುವ ಮೂರೂ ಕಣ್ಣಿಗೆ ಬೀಳುವುದಿಲ್ಲ. ಹೋಟೆಲ್ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಆ ಮೂರರಲ್ಲೇ ಆಗುತ್ತವೆ.

ಮೀನಿನ ಡಬ್ಬಿಯನ್ನೇ ತೆಗೆದುಕೊಳ್ಳಿ. ಹೊಸ ಹುಡುಗ ನೋಡುವುದೇನು? ಹಳಬ ಬಂದರಿನಿಂದ ಮೀನು ತಂದ, ಥರ್ಮೋಕೋಲ್ ಡಬ್ಬಿಗೆ ಸುರಿದ, ಮೇಲೊಂದಿಷ್ಟು ಐಸ್ ಹಾಕಿದ, ಮುಚ್ಚಿದ. ಮರುದಿನ ಅವನೂ ಹಾಗೇ ಮಾಡುತ್ತಾನೆ. ಮೇಲಿನ ಮೀನು ತಣ್ಣಗಿರುತ್ತದೆ. ಅಡಿಯದು ಕರಗಿದ ಕೆಂಪು ನೀರಿನಲ್ಲಿ ಮುಳುಗಿ ಬೆಚ್ಚಗೆ ಕೂತಿರುತ್ತದೆ.

ಬಂಗಡೆ, ತಾರ್ಲೆ, ಗೇದರ್ ಎನ್ನುವ ಟ್ಯೂನಾ, ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಮೀನು ಬೆಚ್ಚಗಿದ್ದಷ್ಟು ಹೊತ್ತು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹಿಸ್ಟಮಿನ್ ಆಯಿತೆಂದರೆ ಹುರಿದರೂ ಹೋಗದು, ಕುದಿಸಿದರೂ ಹೋಗದು, ಫ್ರೀಜರಿಗೆ ಹಾಕಿದರೂ ಹೋಗದು. ಉಂಡ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ಮೈಮೇಲೆ ದದ್ದು ಏಳುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ‘ಅವರಿಗೆ ಮೀನು ಆಗಿಬರುವುದಿಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಒಂದೇ ಮೇಜಿನ ಮೂವರಿಗೆ ಒಟ್ಟಿಗೆ ಹಾಗಾದರೆ ಮೊದಲು ನೋಡಬೇಕಾದದ್ದು ಐಸ್ ಡಬ್ಬಿ.

ಐಸ್ ಎಷ್ಟು ಬೇಕು? ನಮ್ಮ ಸೆಖೆಗೆ 1 ಕಿಲೋ ಮೀನಿಗೆ 1 ಕಿಲೋ. ಇದಕ್ಕೆ ಲೆಕ್ಕ ಇದೆ. 30 ಡಿಗ್ರಿಯ 1 ಕಿಲೋ ಮೀನನ್ನು ಸೊನ್ನೆಗೆ ಇಳಿಸುವುದಕ್ಕೇ ಸುಮಾರು 300 ಗ್ರಾಂ ಐಸ್ ಕರಗಿ ಹೋಗುತ್ತದೆ. ಉಳಿದದ್ದು ಹೊರಗಿನ ಬಿಸಿಯ ಜೊತೆ ಸಂಜೆಯವರೆಗೆ ಹೋರಾಡಲಿಕ್ಕೆ ಬೇಕು. ಅಡಿಗೆ ಒಂದು ಪದರ ಐಸ್, ಅದರ ಮೇಲೆ ಒಂದು ಪದರ ಮೀನು, ಮತ್ತೆ ಐಸ್, ಎಲ್ಲಕ್ಕಿಂತ ಮೇಲೂ ಐಸ್. ಡಬ್ಬಿಯ ತಳದಲ್ಲಿ ನೀರು ಇಳಿಯಲು ತೂತು. ಐಸನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕು. ಗಟ್ಟಿಗಳಾಗಿದ್ದರೆ ಸಣ್ಣಗೆ ಒಡೆದು ಹಾಕಬೇಕು. ದೊಡ್ಡ ಗಟ್ಟಿ ಮೀನಿಗೆ ಎರಡು ಮೂರು ಕಡೆ ಮಾತ್ರ ತಾಗುತ್ತದೆ, ನಡುವೆ ಗಾಳಿ ಉಳಿಯುತ್ತದೆ.

ಇಷ್ಟನ್ನು ಹುಡುಗನಿಗೆ ಹೇಳಲು ಹತ್ತು ನಿಮಿಷ ಸಾಕು. ಆದರೆ ಹೇಳುವುದಕ್ಕೂ ಒಂದು ಕ್ರಮ ಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಯಂತ್ರವನ್ನೇ ಮುಟ್ಟದ ಲಕ್ಷಾಂತರ ಜನ ಕೆಲಸಕ್ಕೆ ಬಂದರು. ಅವರಿಗೆ ಬೇಗ ಕೆಲಸ ಕಲಿಸಲು ಅಲ್ಲಿನ ಮೇಸ್ತ್ರಿಗಳಿಗೆ ಜೇಬಿನಲ್ಲಿಟ್ಟುಕೊಳ್ಳುವ ಒಂದು ಸಣ್ಣ ಕಾರ್ಡ್ ಕೊಟ್ಟಿದ್ದರು. ಅದರ ಮೇಲೆ ನಾಲ್ಕು ಹೆಜ್ಜೆಗಳು: ಕಲಿಯುವವನನ್ನು ಸಿದ್ಧಮಾಡು, ಕೆಲಸವನ್ನು ತೋರಿಸು, ಅವನಿಂದ ಮಾಡಿಸು, ಆಮೇಲೆ ಬಂದು ನೋಡು. ಕೊನೆಯಲ್ಲಿ ಒಂದು ಸಾಲು: ಕೆಲಸಗಾರ ಕಲಿಯಲಿಲ್ಲ ಎಂದರೆ ಕಲಿಸುವವ ಕಲಿಸಲಿಲ್ಲ. ಕಾರ್ಖಾನೆಗೆ ಹುಟ್ಟಿದ ಈ ಪದ್ಧತಿ ಅಡುಗೆಮನೆಗೂ ರೂಮಿಗೂ ಹಾಗೇ ಹೊಂದುತ್ತದೆ. ಎರಡೂ ಕಡೆ ಕೈಯಿಂದ ಮಾಡುವ, ದಿನವೂ ಅದೇ ರೀತಿ ಆಗಬೇಕಾದ ಕೆಲಸಗಳಿವೆ.

ಮೊದಲು ಕಲಿಸುವವರು ಕೆಲಸವನ್ನು ಒಡೆದು ಬರೆಯಬೇಕು. ಒಂದು ಹಾಳೆಯಲ್ಲಿ ಮೂರು ಸಾಲುಮನೆ (ಕಾಲಂ) ಹಾಕಿ: ಹೆಜ್ಜೆ, ಗಮನ, ಕಾರಣ. ಮೀನಿನ ಡಬ್ಬಿಯ ಕಾರ್ಡಿನಲ್ಲಿ ಹೆಜ್ಜೆ ‘ಅಡಿಗೆ ಐಸ್ ಹಾಕು’, ಗಮನ ‘ನಾಲ್ಕು ಬೆರಳು ದಪ್ಪ, ಒಡೆದ ಐಸ್’, ಕಾರಣ ‘ಅಡಿಯ ಮೀನೇ ಮೊದಲು ಕೆಡುವುದು’. ಒಂದು ಕಾರ್ಡಿಗೆ ಐದರಿಂದ ಏಳು ಹೆಜ್ಜೆ. ಹತ್ತು ಆಯಿತೆಂದರೆ ಅದು ಎರಡು ಪಾಠ, ಎರಡು ದಿನ ಮಾಡಿ.

ಆಮೇಲೆ ತೋರಿಸುವುದು. ಮೊದಲ ಸುತ್ತು ಕೆಲಸ ಮಾಡುತ್ತಾ ಹೆಜ್ಜೆಗಳನ್ನಷ್ಟೇ ಹೇಳಿ. ಎರಡನೆಯ ಸುತ್ತಿನಲ್ಲಿ ಹೆಜ್ಜೆಯ ಜೊತೆ ಗಮನ. ಮೂರನೆಯದರಲ್ಲಿ ಕಾರಣವೂ. ಈಗ ಹುಡುಗನ ಸರದಿ. ಮೊದಲು ಅವನು ಮಾತಿಲ್ಲದೆ ಮಾಡಲಿ, ತಪ್ಪಿದಲ್ಲಿ ಕೂಡಲೇ ಕೈ ಹಿಡಿದು ತಿದ್ದಿ. ತಪ್ಪು ಒಮ್ಮೆ ಕೈಗೆ ಕೂತರೆ ಬಿಡಿಸುವುದು ಕಷ್ಟ. ಮುಂದಿನ ಸುತ್ತು ಹೆಜ್ಜೆ ಹೇಳುತ್ತಾ ಮಾಡಲಿ, ಆಮೇಲೆ ಗಮನ, ಆಮೇಲೆ ಕಾರಣ. ಅವನ ಬಾಯಿಂದ ಕಾರಣ ಬರುವವರೆಗೆ ಪಾಠ ಮುಗಿಯಲಿಲ್ಲ. ‘ಗೊತ್ತಾಯ್ತಾ?’ ಎಂದು ದಯವಿಟ್ಟು ಕೇಳಬೇಡಿ. ಹೊಸ ಜಾಗದಲ್ಲಿ, ಧಣಿಯ ಎದುರು, ಗೊತ್ತಾಗಲಿಲ್ಲ ಎಂದು ಯಾವ ಹುಡುಗನೂ ಹೇಳುವುದಿಲ್ಲ.

ಈಗ ನಮ್ಮಲ್ಲಿ ನೇಪಾಳ, ಅಸ್ಸಾಂ, ಒಡಿಶಾ ಕಡೆಯಿಂದ ಬಂದು ದುಡಿಯುವವರಿದ್ದಾರೆ. ಕನ್ನಡವೂ ಬಾರದು, ಕೊಂಕಣಿಯೂ ಬಾರದು. ಅವರಿಗೆ ಕಾರ್ಡನ್ನು ಫೋಟೋಗಳಲ್ಲಿ ಮಾಡಿ. ನಿಮ್ಮದೇ ಅಡುಗೆಮನೆಯ, ನಿಮ್ಮದೇ ಡಬ್ಬಿಯ ಫೋಟೋ ಇರಲಿ. ಸರಿಯಾದದ್ದರ ಪಕ್ಕ ತಪ್ಪಾದದ್ದನ್ನೂ ಅಂಟಿಸಿ, ಅದರ ಮೇಲೆ ಕೆಂಪು ಗೀಟು ಎಳೆಯಿರಿ.

ಅಡುಗೆಯವರ ಕೈಯಳತೆಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನಮ್ಮ ಕಡೆಯ ಒಳ್ಳೆಯ ಭಟ್ಟರು, ಮೀನಡುಗೆಯ ಒಳ್ಳೆಯ ಅಕ್ಕಂದಿರು, ಯಾರೂ ಅಳೆದು ಹಾಕುವುದಿಲ್ಲ. ‘ಎಷ್ಟು ಉಪ್ಪು?’ ಎಂದರೆ ‘ಬೇಕಾದಷ್ಟು’ ಎನ್ನುತ್ತಾರೆ. ಅದು ಗುಟ್ಟು ಮಾಡುವುದಲ್ಲ. ಅವರ ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ, ಅಷ್ಟೆ. ಅದನ್ನು ಹೊರತೆಗೆಯಲು ಅವರನ್ನು ಪೀಡಿಸಬೇಕಾಗಿಲ್ಲ. ಉಪ್ಪಿನ ಡಬ್ಬಿ, ಮೆಣಸಿನ ಪುಡಿಯ ಡಬ್ಬಿ, ಹುಣಸೆಯ ಭರಣಿ, ಎಲ್ಲವನ್ನೂ ಅಡುಗೆಗೆ ಮೊದಲು ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಅವರು ತಮ್ಮ ಪಾಡಿಗೆ ಅಡುಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ಕಳೆದರೆ ಬರುವುದೇ ಅವರ ಕೈಯಳತೆ. ಮೂರು ದಿನ ಹೀಗೆ ಮಾಡಿದರೆ ಉಪ್ಪು 58, 62, 60 ಗ್ರಾಂ ಎಂದು ಬಂತು ಎಂದಿಟ್ಟುಕೊಳ್ಳಿ. 60 ಎಂದು ಕಾರ್ಡಿಗೆ ಬರೆಯಿರಿ. ಎಷ್ಟು ಜನರ ಅಡುಗೆ, ಯಾವ ಪಾತ್ರೆ, ಎಷ್ಟು ಕಾಯಿ ಎನ್ನುವುದೂ ಜೊತೆಗಿರಲಿ. ಆಮೇಲೆ ಆ ಕಾರ್ಡ್ ನೋಡಿ ಇನ್ನೊಬ್ಬರು ಮಾಡಿದ ಸಾರನ್ನು ಅದೇ ಭಟ್ಟರಿಗೆ, ಅದೇ ಅಕ್ಕನಿಗೆ ರುಚಿ ನೋಡಲು ಕೊಡಿ. ಅವರು ಒಪ್ಪಿದ ಮೇಲೆಯೇ ಕಾರ್ಡ್ ಗೋಡೆಗೆ.

ಕಾರಣದ ಸಾಲುಮನೆ ಅಡುಗೆಯಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಪತ್ರೊಡೆ ಮಾಡುವಾಗ ಕೆಸುವಿನೆಲೆಗೆ ಹುಣಸೆ ಕಡಿಮೆ ಹಾಕಿದರೆ ಗಂಟಲು ಕೆರೆಯುತ್ತದೆ, ಏಕೆಂದರೆ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಈ ಕಾರಣ ಗೊತ್ತಿಲ್ಲದ ಹುಡುಗ, ‘ಹುಳಿ ಜಾಸ್ತಿ’ ಎಂದು ಒಬ್ಬ ಗಿರಾಕಿ ಹೇಳಿದ ಕೂಡಲೇ ಮರುದಿನ ಹುಣಸೆ ಅರ್ಧ ಮಾಡುತ್ತಾನೆ. ಕಾರಣ ಗೊತ್ತಿದ್ದವ ಬೆಲ್ಲ ಒಂದು ಚೂರು ಹೆಚ್ಚಿಸುತ್ತಾನೆ.

ತೂಕದ ಅಭ್ಯಾಸ ಬಂದರೆ ದರದ ಲೆಕ್ಕವೂ ಬರುತ್ತದೆ. ಇಸ್ವಾಣ 10 ಕಿಲೋ ತಂದಿರಿ, ಕಿಲೋಗೆ 800 ರೂಪಾಯಿ ಎಂದುಕೊಳ್ಳಿ. ತಲೆ, ಬಾಲ, ಹೊಟ್ಟೆ ತೆಗೆದ ಮೇಲೆ ಹುರಿಯಲು ಸಿಕ್ಕ ತುಂಡು 7 ಕಿಲೋ. ನಿಮ್ಮ ಮೀನಿನ ನಿಜವಾದ ದರ 800 ಅಲ್ಲ, 1,143. ಒಂದು ತುಂಡು 150 ಗ್ರಾಂ ಎಂದರೆ 46 ತುಂಡು. ಎಣ್ಣೆ, ಮಸಾಲೆ, ಗ್ಯಾಸು, ಸಂಬಳ ಸೇರುವ ಮೊದಲೇ ಒಂದಕ್ಕೆ 174 ರೂಪಾಯಿ. ಕೊಯ್ಯುವ ಹುಡುಗ ಪ್ರತಿ ತುಂಡನ್ನೂ 180 ಗ್ರಾಂ ಕೊಯ್ದರೆ 46ರ ಬದಲು 38 ಸಿಗುತ್ತದೆ. ಅವನ ಮೇಲೆ ಸಿಟ್ಟು ಮಾಡುವುದಕ್ಕಿಂತ ಅವನ ಹಲಗೆಯ ಪಕ್ಕ ತಕ್ಕಡಿ ಇಟ್ಟು ಮೊದಲ ವಾರ ಪ್ರತಿ ತುಂಡನ್ನೂ ತೂಗಿಸಿ. ಎರಡನೆಯ ವಾರ ಹತ್ತರಲ್ಲಿ ಒಂದು. ಆಮೇಲೆ ಅವನ ಕಣ್ಣೇ ತಕ್ಕಡಿ.

ಉಳಿದ ಅಡುಗೆಯನ್ನು ತಣಿಸುವುದು ಯಾರೂ ಕಲಿಸದ ಕೆಲಸ. ರಾತ್ರಿ 20 ಲೀಟರಿನ ಸಾಂಬಾರ್ ಪಾತ್ರೆಯನ್ನು ಹಾಗೇ ಎತ್ತಿ ಫ್ರಿಜ್ಜಿಗೆ ಇಡುತ್ತಾರೆ. ಮೇಲ್ಮೈ ತಣ್ಣಗಾಗುತ್ತದೆ, ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಪಕ್ಕದ ಹಾಲು ಮೊಸರೂ ಬೆಚ್ಚಗಾಗುತ್ತವೆ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಆದ್ದರಿಂದ ನಿಯಮ ಇದು: 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಎರಡು ಇಂಚು ಎತ್ತರಕ್ಕಿಂತ ಹೆಚ್ಚು ಬಾರದಂತೆ ಅಗಲ ಟ್ರೇಗಳಿಗೆ ಹಂಚಿ. ಇಲ್ಲವೇ ಪಾತ್ರೆಯನ್ನು ಐಸ್ ನೀರಿನ ತೊಟ್ಟಿಯಲ್ಲಿಟ್ಟು ಕೈಯಾಡಿಸಿ, ಆಮೇಲೆ ಫ್ರಿಜ್ಜಿಗಿಡಿ. ಕಾಯಿ ಅರೆದು ಹಾಕಿದ ಪದಾರ್ಥವನ್ನು ಉಳಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು.

ಅನ್ನವೂ ಹಾಗೆಯೇ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬಾಣಲೆಯ ಬಿಸಿಗೆ ಜಗ್ಗುವುದಿಲ್ಲ. ಬೆಳಗಿನ ಚಿತ್ರಾನ್ನಕ್ಕೆ ರಾತ್ರಿಯ ಅನ್ನವೇ ಬೇಕೆಂದರೆ, ರಾತ್ರಿಯೇ ಟ್ರೇಯಲ್ಲಿ ಹರಡಿ ತಣಿಸಿ ಫ್ರಿಜ್ಜಿನಲ್ಲಿಟ್ಟ ಅನ್ನ ಆಗಿರಬೇಕು.

ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ ಕಡೆಯ ಹೋಂಸ್ಟೇಯವರಿಗೆ ಇನ್ನೊಂದು ಮಾತು. ನಿಮ್ಮ ತಂಬುಳಿಯನ್ನು ಉಣ್ಣಲೆಂದೇ ದೂರದಿಂದ ಬರುವವರಿದ್ದಾರೆ. ಅದು ಅರೆದು ಮಜ್ಜಿಗೆ ಬೆರೆಸಿದ ಮೇಲೆ ಒಲೆ ಕಾಣದ ಪದಾರ್ಥ. ಕೈ, ನೀರು, ಮಿಕ್ಸಿ ಈ ಮೂರರಲ್ಲಿ ಎಲ್ಲಿ ಕೊಳೆ ಇದ್ದರೂ ನೇರ ಎಲೆಗೆ ಬರುತ್ತದೆ. ಕುದಿಸಿ ಆರಿಸಿದ ನೀರನ್ನೇ ಬಳಸಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರನ್ನು ದಿನಾ ಬಿಚ್ಚಿ ತೊಳೆಯಿರಿ, ಬ್ಲೇಡಿನ ಕೆಳಗೆ ಬ್ರಷ್ ಹಾಕಿ ಉಜ್ಜಿ. ಹಳೆಯ ಕಾಯಿ ಅಲ್ಲೇ ಕೊಳೆಯುವುದು. ಹಸಿ ಸೊಪ್ಪು ತೊಳೆಯಲು, 5 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರ್ ನೀರಿಗೆ 1 ಮಿಲಿ ಹಾಕಿದರೆ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಆಗುತ್ತದೆ. ಕೆಲವು ನಿಮಿಷ ಅದರಲ್ಲಿಟ್ಟು ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಆಹಾರಕ್ಕೆ ಬಳಸಬಹುದು ಎಂದು ಬಾಟಲಿಯ ಮೇಲೆ ಬರೆದಿರುವುದನ್ನೇ ಕೊಳ್ಳಿ.

ಅಡುಗೆಮನೆಗೆ ಒಂದು ಚುಚ್ಚುವ ಥರ್ಮಾಮೀಟರ್ ಕಡ್ಡಾಯ ಇರಲಿ. ಕೋಳಿ, ಮಾಂಸದ ನಡುಭಾಗ 75 ಡಿಗ್ರಿ ತಲುಪಿತೇ ಎಂದು ಕಣ್ಣಿನಿಂದ ಹೇಳಲಾಗದು. ಥರ್ಮಾಮೀಟರ್ ಸರಿ ತೋರಿಸುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು: ಪುಡಿ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ ಸೊನ್ನೆ, ಕುದಿಯುವ ನೀರಿನಲ್ಲಿ 100. ಆದರೆ ಇದು ಕಾರವಾರಕ್ಕೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ 98ರ ಹತ್ತಿರ. ಅಲ್ಲಿ 98 ತೋರಿಸಿತೆಂದು ಥರ್ಮಾಮೀಟರನ್ನು ‘ಸರಿಪಡಿಸಿದರೆ’ ಅದು ಹಾಳಾದಂತೆ.

ಈಗ ರೂಮಿಗೆ ಬರೋಣ. ರೂಮ್ ಬಾಯ್ ಎಂದರೆ ಕಸ ಹೊಡೆಯುವವ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದಕ್ಕೇ ಅವನಿಗೆ ಏನೂ ಕಲಿಸುವುದಿಲ್ಲ. ಆದರೆ ಖಾಲಿಯಾದ ಒಂದು ರೂಮನ್ನು ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಮುಂದಿನವರಿಗೆ ಸಿದ್ಧ ಮಾಡುವುದು ಕ್ರಮ ಗೊತ್ತಿಲ್ಲದೆ ಆಗದ ಕೆಲಸ. ಕಿಟಕಿ ತೆರೆ. ಕಪಾಟು, ಡ್ರಾವರ್, ಮಂಚದ ಕೆಳಗೆ ನೋಡು, ಬಿಟ್ಟುಹೋದ ವಸ್ತು ಸಿಕ್ಕರೆ ಕೌಂಟರಿನಲ್ಲಿ ಬರೆಸು. ಟಾಯ್ಲೆಟ್ ಬೌಲಿಗೆ ಕ್ಲೀನರ್ ಸುರಿ, ಏಕೆಂದರೆ ಅದಕ್ಕೆ ಹತ್ತು ನಿಮಿಷ ನೆನೆಯಲು ಬೇಕು. ಅಷ್ಟರಲ್ಲಿ ಹಾಸಿಗೆ ಬಿಚ್ಚಿ ಹಾಕು. ಹಾಸಿಗೆ ಮುಗಿದ ಮೇಲೆಯೇ ಧೂಳು ಒರೆಸು, ಚಾದರ ಕೊಡವಿದಾಗ ಧೂಳು ಏಳುತ್ತದೆ. ಮೇಲಿನಿಂದ ಕೆಳಕ್ಕೆ. ಆಮೇಲೆ ಬಾತ್‌ರೂಮ್. ಕೊನೆಗೆ ನೆಲ, ದೂರದ ಮೂಲೆಯಿಂದ ಬಾಗಿಲ ಕಡೆಗೆ. ಟಾಯ್ಲೆಟ್ಟಿಗೆ ಕೆಂಪು ಬಟ್ಟೆ, ಬೇಸಿನ್ನಿಗೆ ಹಳದಿ, ಕನ್ನಡಿ ಮೇಜಿಗೆ ನೀಲಿ. ಬಣ್ಣ ಬೇರೆ ಮಾಡದ ಕಡೆ ಕಮೋಡ್ ಒರೆಸಿದ ಬಟ್ಟೆ ನೀರಿನ ಲೋಟಕ್ಕೂ ಹೋಗುತ್ತದೆ.

ಕಡಲ ಬದಿಯ ರೂಮಿನಲ್ಲಿ ಇನ್ನೊಂದು ಹೆಜ್ಜೆ ಜಾಸ್ತಿ: ನೀರು ಹಾಕುವ ಮೊದಲು ಮರಳನ್ನು ಒಣಗಿದ್ದಾಗಲೇ ಗುಡಿಸಿ ಎತ್ತಬೇಕು. ಒಮ್ಮೆ ನೀರು ಬಿದ್ದರೆ ಮರಳು ಸೀದಾ ನೀರು ಹೋಗುವ ಪೈಪಿನ ಬಾಗಿಗೆ (ಟ್ರ್ಯಾಪಿಗೆ) ಹೋಗಿ ಕೂರುತ್ತದೆ, ಆಮೇಲೆ ಪ್ಲಂಬರನೇ ಗತಿ. ಅಂಗಳದಲ್ಲೊಂದು ಕಾಲು ತೊಳೆಯುವ ನಳ ಹಾಕಿಸಿದರೆ ಅರ್ಧ ತೊಂದರೆ ಅಲ್ಲೇ ನಿಲ್ಲುತ್ತದೆ.

ಜೀವಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು ಮೊದಲ ದಿನವೇ ಕಲಿಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪುಡಿಯೋ ಬ್ಲೀಚ್ ದ್ರಾವಣವೋ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ‘ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ’ ಎಂದು ಹುಡುಗರು ತಾವೇ ಊಹಿಸಿ ಹಾಕುತ್ತಾರೆ. ಕಿಟಕಿಯಿಲ್ಲದ ಸಣ್ಣ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಎರಡು ಬಾಟಲಿಗಳನ್ನೂ ಒಂದೇ ಬಕೆಟ್ಟಿನಲ್ಲಿ ಇಡಕೂಡದು. ಕಣ್ಣುರಿ, ಕೆಮ್ಮು ಬಂದ ಕೂಡಲೇ ಎಲ್ಲ ಬಿಟ್ಟು ಹೊರಗೆ ಗಾಳಿಗೆ ಬರಬೇಕು. ಯಾವ ಕ್ಲೀನರನ್ನೂ ನೀರಿನ ಬಾಟಲಿಗೆ ತುಂಬಿಡಬಾರದು.

ಬಿಳಿ ಚಾದರ ಹಳದಿಯಾಗುವುದು ಚಿರೇಕಲ್ಲಿನ ನಾಡಿನ ದೊಡ್ಡ ದೂರು. ಕಾರಣ ಸಾಬೂನಲ್ಲ, ನೀರಿನಲ್ಲಿರುವ ಕಬ್ಬಿಣ. ಬಾವಿಯದೋ ಬೋರಿನದೋ ನೀರನ್ನು ಬಿಳಿ ಬಕೆಟ್ಟಿನಲ್ಲಿ ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಕಂಡರೆ ಅದೇ ಕಳ್ಳ. ಇಂಥ ನೀರಿಗೆ ಬ್ಲೀಚ್ ಹಾಕಿದರೆ ಕಬ್ಬಿಣ ಅಲ್ಲೇ ತುಕ್ಕಾಗಿ ದಾರಕ್ಕೆ ಹಿಡಿಯುತ್ತದೆ. ಹುಡುಗ ಇನ್ನೂ ಹಳದಿ ಇದೆಯೆಂದು ಇನ್ನಷ್ಟು ಬ್ಲೀಚ್ ಹಾಕುತ್ತಾನೆ, ಇನ್ನಷ್ಟು ಹಳದಿಯಾಗುತ್ತದೆ. ನೀರನ್ನು ಟ್ಯಾಂಕಿಗೆ ಎತ್ತರದಿಂದ ಸುರಿಯುವಂತೆ ಮಾಡಿ, ಗಾಳಿ ತಾಗಿ ಕಬ್ಬಿಣ ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಸೋಸಿ ಬಳಸಿ. ಆಗಲೇ ಹಿಡಿದ ಕಲೆಗೆ ಆಕ್ಸಾಲಿಕ್ ಆಮ್ಲ. ಗ್ಲೌಸ್ ಹಾಕಿಕೊಂಡು, ಬ್ಲೀಚ್ ತಾಗದಂತೆ ಬಳಸಿ, ಚೆನ್ನಾಗಿ ಜಾಲಿಸಬೇಕು. ಚಾದರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಒಂದು ಹಾಸಿಗೆಯ ಮೇಲೆ, ಒಂದು ತೊಳೆಯಲು, ಒಂದು ಕಪಾಟಿನಲ್ಲಿ. ಮಳೆಗಾಲಕ್ಕೆ ಒಣಗದೆ ನೇತಾಡುತ್ತಿರುವುದು ಇನ್ನೊಂದು. 10 ಹಾಸಿಗೆಗೆ 40 ಸೆಟ್ಟು. ಇದಕ್ಕಿಂತ ಕಡಿಮೆ ಇದ್ದರೆ ಹಸಿ ಚಾದರ ಹಾಸುತ್ತಾರೆ, ಗಾದಿಗೆ ಬೂಸ್ಟು ಹಿಡಿಯುತ್ತದೆ.

ಕೌಂಟರಿನ ಕೆಲಸದಲ್ಲಿ ಎರಡು ವಿಷಯ ಬೇಗ ಹೇಳಿ ಮೂರನೆಯದಕ್ಕೆ ಬರುತ್ತೇನೆ. ವಿದೇಶಿ ಅತಿಥಿ ಬಂದರೆ, ಎಲ್ಲರೂ ಸಿ ಫಾರ್ಮ್ ಎನ್ನುವ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಪಾಸ್‌ಪೋರ್ಟ್ ಸಂಖ್ಯೆಯ ಜಾಗದಲ್ಲಿ ವೀಸಾ ಸಂಖ್ಯೆ, ಇಂಗ್ಲಿಷಿನ ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ, ಭಾರತಕ್ಕೆ ಬಂದ ದಿನದ ಜಾಗದಲ್ಲಿ ಹೋಟೆಲಿಗೆ ಬಂದ ದಿನ, ತಪ್ಪಾಗುವುದು ಈ ಮೂರು ಕಡೆ. ಪಾಸ್‌ವರ್ಡ್ ಒಬ್ಬನಿಗಷ್ಟೇ ಗೊತ್ತಿರಬಾರದು, ಅವನು ಊರಿಗೆ ಹೋದ ದಿನವೇ ವಿದೇಶಿಗರು ಬರುತ್ತಾರೆ. ಯುಪಿಐ ಹಣ ಬಂತೇ ಎನ್ನುವುದನ್ನು ಗಿರಾಕಿಯ ಫೋನಿನ ಸ್ಕ್ರೀನ್‌ಶಾಟ್ ನೋಡಿ ಒಪ್ಪಬಾರದು, ನಮ್ಮ ಆ್ಯಪಿನಲ್ಲಿ ನೋಡಬೇಕು.

ಮೂರನೆಯದು ಕಡಲು. ನಮ್ಮ ಕೌಂಟರಿನಲ್ಲಿ ಕೀಲಿಕೈ ಕೊಡುವ ಹುಡುಗನೇ ಎಷ್ಟೋ ಪ್ರವಾಸಿಗರಿಗೆ ಕಡಲ ಬಗ್ಗೆ ಹೇಳಬಲ್ಲ ಏಕೈಕ ಸ್ಥಳೀಯ. ಗೋಕರ್ಣದ ಕುಡ್ಲೆ, ಓಂ ಬೀಚಿಗೆ ಹೊರಟವರು ಅಲೆ ಒಡೆಯದೆ ಸಮತಟ್ಟಾಗಿ ಕಾಣುವ ಜಾಗ ನೋಡಿ, ಇಲ್ಲಿ ಶಾಂತವಾಗಿದೆ ಎಂದು ಅಲ್ಲಿಗೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸು ಎಳೆದುಕೊಂಡು ಹೋಗುವ ದಾರಿ ಹೆಚ್ಚಾಗಿ ಅದೇ ಆಗಿರುತ್ತದೆ. ಹುಡುಗನಿಗೆ ಈ ಮಾತುಗಳನ್ನು ಬಾಯಿಪಾಠ ಮಾಡಿಸಿ, ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ: ‘ಅಲೆ ಒಡೆಯದ ಜಾಗಕ್ಕೆ ಇಳಿಯಬೇಡಿ. ನೀರು ಎಳೆದರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ, ತೇಲಿಕೊಂಡು ಕೈ ಎತ್ತಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ. ಕುಡಿದು ನೀರಿಗೆ ಹೋಗಬೇಡಿ. ಲೈಫ್‌ಗಾರ್ಡ್ ಬೇಡ ಎಂದರೆ ಬೇಡ.’ 112 ಮತ್ತು 108 ಕೀಚೈನಿನ ಮೇಲೇ ಬರೆಸಿ.

ನೀರಿನಿಂದ ಎತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು ತಪ್ಪು. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಉಸಿರಾಟವಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಶುರುಮಾಡಿ, ಆಮೇಲೆ ಎದೆಯ ನಡುವೆ 30 ಬಾರಿ ಒತ್ತು, 2 ಉಸಿರು, ಹೀಗೆ ಮುಂದುವರಿಸಬೇಕು. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಒತ್ತು. ಇದು ಕೇಳಿ ಬರುವ ವಿದ್ಯೆಯಲ್ಲ. ಮಳೆಗಾಲದಲ್ಲಿ ತರಬೇತಿ ಕೊಡುವವರನ್ನು ಕರೆಸಿ, ಬೊಂಬೆಯ ಮೇಲೆ ಪ್ರತಿಯೊಬ್ಬರೂ ಬೆವರು ಬರುವವರೆಗೆ ಒತ್ತಿ ಅಭ್ಯಾಸ ಮಾಡಬೇಕು.

ಕಾನೂನಿನ ಕಡೆಯಿಂದ ತಿಳಿದಿರಬೇಕಾದ್ದು: ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ತರಬೇತಿ ಪಡೆದ ಮೇಲ್ವಿಚಾರಕರು 25 ಕೆಲಸಗಾರರಿಗೆ ಒಬ್ಬರಾದರೂ ಇರಬೇಕು, ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಂತೆ 30 ಅಥವಾ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4 ಜನರಿದ್ದರೂ ಬಯಸಿದರೆ ತೆಗೆದುಕೊಳ್ಳಬಹುದು. ಹತ್ತು ಹದಿನೈದು ವರ್ಷ ಅಡುಗೆ ಮಾಡಿಯೂ ಕೈಯಲ್ಲಿ ಒಂದು ಕಾಗದವಿಲ್ಲದವರಿಗೆ, ಗೊತ್ತಿರುವ ವಿದ್ಯೆಯನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ಯೋಜನೆಗಳಲ್ಲಿದೆ. ಅದನ್ನು ಅವರಿಗೆ ಮಾಡಿಸಿಕೊಡಿ. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ, 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಬೇಕೇ ಬೇಕು. ಒಂಟಿಯಾಗಿ ರೂಮಿಗೆ ಹೋಗುವ ಅಕ್ಕತಂಗಿಯರಿಗೆ, ಅತಿಥಿ ಒಳಗಿದ್ದಾಗ ಬಾಗಿಲು ತೆರೆದಿಟ್ಟೇ ಕೆಲಸ ಮಾಡು, ಸರಿಯೆನಿಸದಿದ್ದರೆ ಕೆಲಸ ಬಿಟ್ಟು ಹೊರಗೆ ಬಾ, ಬೈಯುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕು.

ಸಭೆಯಿಂದ ಬಂದ ಪ್ರಶ್ನೆ: ‘ಇಷ್ಟೆಲ್ಲ ಕಲಿಸಿದ ಮೇಲೆ ಹುಡುಗ ಗೋವಾಕ್ಕೆ ಹೋದರೆ?’

ಕಾಳಿ ಸೇತುವೆ ದಾಟಿದರೆ ಅರ್ಧ ಗಂಟೆಯಲ್ಲಿ ಗೋವಾ, ಆದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೆಲವರು ಹೋಗುತ್ತಾರೆ. ಆದರೆ ಹೋಗುವ ಕಾರಣ ಕಲಿತದ್ದು ಮಾತ್ರವಲ್ಲ. ಸೋರುವ ಮಲಗುವ ಕೋಣೆ, ವಾರದ ರಜೆ ಇಲ್ಲದಿರುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಬಳವೇ ಇಲ್ಲದಿರುವುದು, ಇವುಗಳ ತೂಕವೇ ದೊಡ್ಡದು. ಮಳೆಗಾಲದಲ್ಲಿ ಎಲ್ಲರನ್ನೂ ಇಟ್ಟುಕೊಳ್ಳಲು ಆಗದಿದ್ದರೆ ಹತ್ತರಲ್ಲಿ ನಾಲ್ವರನ್ನು ಊಟ ವಸತಿ ಸಮೇತ ಇಟ್ಟುಕೊಳ್ಳಿ, ಕಡಿಮೆ ಗಂಟೆಗಳ ಕೆಲಸಕ್ಕೆ ತಕ್ಕ ಸಂಬಳ ಕೊಡಿ, ಬೆಳಿಗ್ಗೆ ಎರಡು ಗಂಟೆ ಪಾಠ, ಉಳಿದ ಹೊತ್ತು ರಿಪೇರಿ, ಬಣ್ಣ, ಗಾದಿ ಒಣಗಿಸುವುದು. ಸೆಪ್ಟೆಂಬರ್ ಕೊನೆಗೆ ಹೊಸಬರು ಬಂದಾಗ ಕಲಿಸುವವರು ನಾಲ್ವರು ತಯಾರಿರುತ್ತಾರೆ. ಗೋಡೆಯ ಮೇಲೆ ಒಂದು ಪಟ್ಟಿ ಹಾಕಿ: ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು. ನೋಡಿದ್ದಾನೆ ಎಂದರೆ 1, ಜೊತೆಗಿದ್ದರೆ ಮಾಡುತ್ತಾನೆ 2, ಒಬ್ಬನೇ ಮಾಡುತ್ತಾನೆ 3, ಬೇರೆಯವರಿಗೆ ಕಲಿಸಬಲ್ಲ 4. ಯಾವ ಕೆಲಸದ ಕೆಳಗೆ ಒಂದೇ ಒಂದು 4 ಇದೆಯೋ, ಮುಂದಿನ ಪಾಠ ಅದು. 4 ಹೆಚ್ಚಿದಂತೆ ಸಂಬಳವೂ ಏರಬೇಕು, ಎಷ್ಟು ಏರುತ್ತದೆ ಎಂದು ಪಟ್ಟಿಯ ಅಡಿಯಲ್ಲೇ ಬರೆದಿರಬೇಕು.

ಇನ್ನೊಬ್ಬರು ಕೇಳಿದರು: ‘ಹಂಗಾಮಿನಲ್ಲಿ ಪುರುಸೊತ್ತೆಲ್ಲಿ?’

ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾಕ್ಕೆ ಮೊದಲು, ಮೂರೂವರೆಯ ಹೊತ್ತಿಗೆ ಹದಿನೈದು ನಿಮಿಷ. ದಿನಕ್ಕೆ ಒಂದು ಕಾರ್ಡ್, ಇಬ್ಬರು ಹುಡುಗರು, ಹೆಚ್ಚು ಬೇಡ. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಅದನ್ನೂ ನಿಲ್ಲಿಸಿ, ಆಗ ಹೊಸದೇನೂ ತಲೆಗೆ ಹೋಗುವುದಿಲ್ಲ.

ಮೊದಲ ಕಾರ್ಡ್ ಯಾವುದು ಬರೆಯಬೇಕು ಎಂದು ಕೇಳಿದವರಿಗೆ: ಮೀನು ಮಾರುವ ಹೋಟೆಲಾದರೆ ಐಸ್ ಡಬ್ಬಿ, ಲಾಡ್ಜಾದರೆ ಬಾತ್‌ರೂಮ್, ಹೋಂಸ್ಟೇಯಾದರೆ ತಂಬುಳಿ. ಬರೆದ ಮೇಲೆ ಆ ಕೆಲಸವನ್ನು ಒಮ್ಮೆಯೂ ಮಾಡದ ಒಬ್ಬರ ಕೈಗೆ ಕಾರ್ಡ್ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ನಿಂತು ನೋಡಿ. ಅವರು ಎಲ್ಲಿ ಕೈ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೋ, ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅದನ್ನು ಅಲ್ಲೇ ಪೆನ್ನಿನಲ್ಲಿ ಸೇರಿಸಿ.